ಜನ ಮಾತಿಗೆ ನಿಲ್ಲುವುದು ಮೆಟ್ಟಿಲ ಮೇಲೆ

ಆಫೀಸ್ ಕಟ್ಟಡದ ವಿನ್ಯಾಸ ಮಾಡುವ ಕೆಲಸ ನಮಗೆ ಬಂದಾಗ ಮಾಲೀಕರು ಎರಡು ಮಾತು ತಪ್ಪದೆ ಹೇಳುತ್ತಾರೆ. ಕರೆಂಟು ಕಡಿಮೆ ಖರ್ಚಾಗಬೇಕು, ನಮ್ಮ ಜನ ಒಬ್ಬರಿಗೊಬ್ಬರು ಬೆರೆತು ಕೆಲಸ ಮಾಡಬೇಕು. ಮೊದಲನೆಯದಕ್ಕೆ ಚಾವಣಿ ಮೇಲೆ ಸೋಲಾರ್, ಎರಡನೆಯದಕ್ಕೆ ಗೋಡೆಯೇ ಇಲ್ಲದ ಒಂದು ದೊಡ್ಡ ಹಾಲ್, ಅಷ್ಟೇ ಅಲ್ವಾ ಅಂತ ಅವರ ಲೆಕ್ಕ. ಅಷ್ಟೇ ಅಲ್ಲ. ಒಂದಕ್ಕೆ ಮಾಡಿದ ಉಪಾಯ ಇನ್ನೊಂದನ್ನು ಕೆಡಿಸುವುದು ತುಂಬಾ ಸುಲಭ.

ಹಾಲ್ ವಿಷಯ ಮೊದಲು ಮುಗಿಸಿಬಿಡೋಣ. ಗೋಡೆ ತೆಗೆದು ತೆರೆದ ಆಫೀಸಿಗೆ ಬದಲಾದ ಎರಡು ಕಂಪನಿಗಳನ್ನು ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ ಗಮನಿಸಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮುಖಾಮುಖಿ ಮಾತು ಸುಮಾರು 70% ಇಳಿದಿತ್ತು, ಇಮೇಲ್ ಜಾಸ್ತಿಯಾಗಿತ್ತು. ನನಗೇನೂ ಆಶ್ಚರ್ಯವಾಗಲಿಲ್ಲ. ಎಲ್ಲರ ಕಣ್ಣೆದುರು ಕೂತವರು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ.

ಇನ್ನು ಬೆಳಕು. ಕಿಟಕಿಯ ಮೇಲಂಚು ಎಷ್ಟು ಎತ್ತರದಲ್ಲಿದೆಯೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಕೆಲಸಕ್ಕೆ ಬರುವಷ್ಟು ಹಗಲು ಬೆಳಕು ಒಳಗೆ ಬರುತ್ತದೆ ಅನ್ನುವುದು ನಾವು ಬಳಸುವ ಅಂದಾಜು. ಮೇಲಂಚು 3 ಮೀಟರ್ ಇದ್ದರೆ 6ರಿಂದ 7.5 ಮೀಟರ್. ಎರಡೂ ಕಡೆ ಕಿಟಕಿ ಇಟ್ಟರೂ ಕಟ್ಟಡದ ಅಗಲ ಹೆಚ್ಚೆಂದರೆ 15 ಮೀಟರ್. ಗಾಳಿ ಈ ಕಡೆಯಿಂದ ಆ ಕಡೆಗೆ ಹಾಯುವುದಕ್ಕೂ ಆ ಅಗಲ ಸರಿ. ಆದರೆ ಅಷ್ಟೇ ಅಗಲದಲ್ಲಿ ನೂರಾರು ಜನರನ್ನು ಕೂರಿಸಲು ಹೋದರೆ ಕಟ್ಟಡ ರೈಲಿನ ಹಾಗೆ ಉದ್ದವಾಗುತ್ತದೆ. ಮೇಜುಗಳ ನಡುವಿನ ದೂರ ಹೆಚ್ಚಿದಂತೆ ಮಾತುಕತೆ ಸರ್ರನೆ ಇಳಿಯುತ್ತದೆ, 50 ಮೀಟರ್ ದಾಟಿದರೆ ಇಲ್ಲವೇ ಇಲ್ಲ ಅನ್ನುವಷ್ಟಾಗುತ್ತದೆ ಅಂತ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ 1970ರ ದಶಕದಲ್ಲೇ ತೋರಿಸಿದ್ದರು.

ಹಾಗಾಗಿ ನಾನು ಆ ರೈಲನ್ನು ಮಡಚುತ್ತೇನೆ. ನಡುವೆ ಗಾಜಿನ ಸೂರಿನ ಅಂಗಳ, ಸುತ್ತ ಕಡಿಮೆ ಅಗಲದ ಮಹಡಿಗಳು, ಅಂಗಳದಲ್ಲೇ ಮೆಟ್ಟಿಲು. ಬಿಸಿ ಗಾಳಿ ಮೇಲಿನ ಕಿಂಡಿಯಿಂದ ಹೊರಗೆ ಹೋಗುತ್ತದೆ, ಎದುರು ಬದಿಯಲ್ಲಿ ಯಾರು ಸೀಟಿನಲ್ಲಿದ್ದಾರೆ ಅಂತ ಎದ್ದು ಹೋಗದೆ ಗೊತ್ತಾಗುತ್ತದೆ. ಬೆಂಕಿ ಬಿದ್ದಾಗ ಓಡಲು ಮುಚ್ಚಿದ ಮೆಟ್ಟಿಲು ಬೇರೆ ಬೇಕು, ಅದನ್ನು ಇದರ ಲೆಕ್ಕಕ್ಕೆ ಸೇರಿಸಬೇಡಿ.

2013ರಲ್ಲಿ ಶುರುವಾದ ಅಮೆರಿಕದ ಸಿಯಾಟಲ್‌ನ ಬುಲಿಟ್ ಸೆಂಟರ್ ಅನ್ನುವ ಆಫೀಸ್ ಕಟ್ಟಡದಲ್ಲಿ ಮೆಟ್ಟಿಲನ್ನು ಗಾಜಿನೊಳಗೆ, ಊರು ಕಾಣುವ ಹಾಗೆ ಮುಂದಿಟ್ಟು ಲಿಫ್ಟನ್ನು ಹಿಂದಕ್ಕೆ ಸರಿಸಿದ್ದಾರೆ. ಜನ ಹತ್ತುತ್ತಾರೆ, ಲಿಫ್ಟಿನ ಕರೆಂಟು ಉಳಿಯುತ್ತದೆ. ಆದರೆ ಹತ್ತಿದವರು ನಿಂತು ಮಾತಾಡಬೇಕಾದರೆ ಮೆಟ್ಟಿಲು ತಿರುಗುವಲ್ಲಿನ ಜಾಗವನ್ನು ನೋಡಿ. ಅದು ಮೆಟ್ಟಿಲಷ್ಟೇ ಅಗಲ ಇದ್ದರೆ ಇಬ್ಬರು ನಿಂತ ಕೂಡಲೇ ದಾರಿ ಕಟ್ಟುತ್ತದೆ, ಮೂರನೆಯವರು ಬಂದಾಗ ಮಾತು ಅರ್ಧಕ್ಕೇ ನಿಲ್ಲುತ್ತದೆ. ನಾನು ಅದನ್ನು ಎರಡು ಪಟ್ಟು ಮಾಡಿ, ಕಟಕಟೆಯ ಮೇಲೆ ಮೊಣಕೈ ಊರುವಷ್ಟು ಅಗಲದ ಮರದ ಪಟ್ಟಿ ಕೊಡುತ್ತೇನೆ. ಕಾಫಿ ಕಪ್ ಇಡಲು ಜಾಗ ಸಿಕ್ಕರೆ ಸಾಕು, ಹತ್ತು ನಿಮಿಷ ಅಲ್ಲೇ.

ನಾನು ಎಡವಿದ್ದು ಶಬ್ದದಲ್ಲಿ. ಒಂದು ಕಟ್ಟಡದಲ್ಲಿ ಫಾಲ್ಸ್ ಸೀಲಿಂಗ್ ಬೇಡ, ಸ್ಲ್ಯಾಬ್ ಬೋಳಾಗಿಯೇ ಇರಲಿ ಅಂದೆ. ರಾತ್ರಿಯ ಗಾಳಿಗೆ ತಣ್ಣಗಾದ ಕಾಂಕ್ರೀಟು ಹಗಲಿನ ಸೆಕೆಯನ್ನು ಹೀರಿಕೊಳ್ಳುತ್ತದೆ, ಎಸಿ ಕಡಿಮೆ ಸಾಕು. ಲೆಕ್ಕ ಸರಿಯೇ ಇತ್ತು. ಆದರೆ ಜನ ಬಂದ ವಾರ ಹೋಗಿ ನೋಡಿದರೆ, ಯಾರೋ ಕಪ್ಪಿನಲ್ಲಿ ಚಮಚ ತಿರುಗಿಸಿದ್ದು ಇಡೀ ಮಹಡಿಗೆ ಕೇಳುತ್ತಿತ್ತು. ಎಲ್ಲರೂ ಪಿಸುಗುಟ್ಟುತ್ತಿದ್ದರು. ಮಾತು ಬೇಕಾದವರು ಮೀಟಿಂಗ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು, ಹಾಕಿದ ಬಾಗಿಲಿನ ಹಿಂದೆ ಸೆಕೆ, ಸೆಕೆಗೆ ಎಸಿ! ಉಳಿಸಲು ಹೊರಟ ಕರೆಂಟು ಅಲ್ಲಿ ಖರ್ಚಾಗುತ್ತಿತ್ತು.

ಪೂರ್ತಿ ಸೀಲಿಂಗ್ ಹಾಕಿದ್ದರೆ ಕಾಂಕ್ರೀಟಿನ ತಂಪು ಮುಚ್ಚಿಹೋಗುತ್ತಿತ್ತು. ಅದಕ್ಕೇ ಶಬ್ದ ಹೀರುವ ಫೆಲ್ಟ್ ಹಲಗೆಗಳನ್ನು ಬಟ್ಟೆ ಒಣಗಿಸಿದ ಹಾಗೆ ಸಾಲಾಗಿ, ನಡುವೆ ಜಾಗ ಬಿಟ್ಟು, ಉದ್ದುದ್ದಕ್ಕೆ ತೂಗುಹಾಕಿದೆವು. ಸದ್ದು ಇಳಿಯಿತು, ಗಾಳಿ ಸ್ಲ್ಯಾಬಿಗೆ ತಾಗುತ್ತಲೇ ಇತ್ತು. ಈಗ ಆ ಹಲಗೆಗಳ ಖರ್ಚನ್ನು ಮೊದಲ ಅಂದಾಜಿನಲ್ಲೇ ಬರೆದಿಡುತ್ತೇನೆ. ಖರ್ಚು ಇಳಿಸುವ ಮೀಟಿಂಗ್‌ನಲ್ಲಿ ಎಲ್ಲರ ಕಣ್ಣು ಮೊದಲು ಬೀಳುವುದೂ ಅದರ ಮೇಲೇ.