ಆಕ್ಟೇನ್ ಅಂದರೆ ತಾಳಿಕೆ

ಪೆಟ್ರೋಲ್ ಪಂಪಿನ ಮೇಲಿರುವ 91, 95, 98 ಎಂಬ ಅಂಕಿಗಳನ್ನು ಬಹಳ ಮಂದಿ ಪೆಟ್ರೋಲಿನ ‘ಪವರ್’ ಎಂದೇ ಓದಿಕೊಳ್ಳುತ್ತಾರೆ. ಒಂದು ಕಿಲೋ 98ರಲ್ಲಿರುವ ಶಾಖವೂ ಒಂದು ಕಿಲೋ 91ರಲ್ಲಿರುವ ಶಾಖವೂ ಹೆಚ್ಚುಕಡಿಮೆ ಒಂದೇ. ಆ ಅಂಕಿ ಹೇಳುವುದು ತಾಳಿಕೆಯನ್ನು. ಸಿಲಿಂಡರಿನೊಳಗೆ ಒತ್ತಡ, ಬಿಸಿ ಎರಡೂ ಏರುತ್ತಿರುವಾಗ, ಸ್ಪಾರ್ಕ್‌ನಿಂದ ಹೊರಟ ಬೆಂಕಿ ಬಂದು ಮುಟ್ಟುವವರೆಗೆ ತಾನಾಗಿ ಹೊತ್ತಿಕೊಳ್ಳದೆ ಇಂಧನ ಎಷ್ಟು ತಡೆದುಕೊಳ್ಳುತ್ತದೆ ಎಂಬುದೇ ಆಕ್ಟೇನ್ ಸಂಖ್ಯೆ.

ಈ ಅಳತೆಗೋಲು 1920ರ ದಶಕದ್ದು. ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ ಎರಡು ಶುದ್ಧ ದ್ರವಗಳನ್ನು ಎರಡು ತುದಿಗೆ ಇಟ್ಟರು. ಚೆನ್ನಾಗಿ ತಾಳಿಕೊಳ್ಳುವ ಐಸೋ-ಆಕ್ಟೇನ್‌ಗೆ 100, ಸುಲಭವಾಗಿ ಸಿಡಿಯುವ ಹೆಪ್ಟೇನ್‌ಗೆ ಸೊನ್ನೆ. (ಆಗ ಶುದ್ಧ ಹೆಪ್ಟೇನ್ ಸಿಗುತ್ತಿದ್ದದ್ದು ಜೆಫ್ರಿ ಪೈನ್ ಎಂಬ ಮರದ ಅಂಟಿನಿಂದ!) ನಿಮ್ಮ ಪೆಟ್ರೋಲ್ 95 ಅಂದರೆ, 95 ಪಾಲು ಐಸೋ-ಆಕ್ಟೇನ್ ಮತ್ತು 5 ಪಾಲು ಹೆಪ್ಟೇನ್ ಬೆರೆಸಿದ ದ್ರವ ಪರೀಕ್ಷಾ ಇಂಜಿನ್‌ನಲ್ಲಿ ಹೇಗೆ ನಡೆದುಕೊಳ್ಳುತ್ತದೋ ಅದೂ ಹಾಗೇ ನಡೆದುಕೊಳ್ಳುತ್ತದೆ ಎಂದರ್ಥ. ಪೆಟ್ರೋಲಿನಲ್ಲಿ ನಿಜವಾಗಿ ಅಷ್ಟು ಆಕ್ಟೇನ್ ಇರಬೇಕೆಂದೇನೂ ಇಲ್ಲ.

ತಾಳಿಕೆ ಸಾಲದೇ ಹೋದಾಗ ಆಗುವುದೇ ನಾಕಿಂಗ್. ಪಿಸ್ಟನ್ ಮೇಲಕ್ಕೆ ಬರುತ್ತಿರುವಾಗಲೇ ಸ್ಪಾರ್ಕ್ ಹಾರುತ್ತದೆ. ಬೆಂಕಿ ಪ್ಲಗ್‌ನಿಂದ ಸುತ್ತಲೂ ಹರಡುತ್ತ ಹೋಗುತ್ತದೆ. ಉರಿದ ಅನಿಲ ಹಿಗ್ಗಿ, ಗೋಡೆಯ ಬದಿಯಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣವನ್ನು ಅದುಮುತ್ತದೆ. ಆ ಕೊನೆಯ ಪಾಲು ಬೆಂಕಿ ಬರುವ ಮೊದಲೇ ಒಟ್ಟಿಗೆ ಸಿಡಿದರೆ ಒತ್ತಡದ ಅಲೆಗಳು ಗೋಡೆಯಿಂದ ಗೋಡೆಗೆ ಬಡಿಯುತ್ತವೆ. ಬೋರ್ (ಸಿಲಿಂಡರಿನ ಒಳವ್ಯಾಸ) 86 ಮಿಲಿಮೀಟರ್ ಇರುವ ಇಂಜಿನ್‌ನಲ್ಲಿ ಈ ಅಲೆಯ ಕಂಪನ ಸುಮಾರು 6.6 ಕಿಲೋಹರ್ಟ್ಸ್. ಕಿವಿಗೆ ಅದು ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಕೇಳಿಸುತ್ತದೆ.

ಇಲ್ಲಿ ಸಮಯದ ಲೆಕ್ಕವನ್ನು ಸ್ವಲ್ಪ ನೋಡಬೇಕು. ಉರಿ ಮುಗಿಯಲು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) 50 ಡಿಗ್ರಿ ತಿರುಗಬೇಕು ಎಂದಿಟ್ಟುಕೊಳ್ಳಿ. 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) ಅದಕ್ಕೆ ಹಿಡಿಯುವುದು 1.4 ಮಿಲಿಸೆಕೆಂಡ್, 2000 ಆರ್‌ಪಿಎಂನಲ್ಲಿ 4.2. ಅಂದರೆ ನಿಧಾನವಾಗಿ ತಿರುಗುವ ಇಂಜಿನ್‌ನಲ್ಲಿ ಆ ಕೊನೆಯ ಪಾಲು ಮೂರು ಪಟ್ಟು ಹೊತ್ತು ಬೇಯುತ್ತ ಕೂರಬೇಕು. ಏರಿನಲ್ಲಿ ದೊಡ್ಡ ಗೇರ್‌ನಲ್ಲೇ ಇದ್ದು ಆಕ್ಸಿಲರೇಟರ್ ಪೂರ್ತಿ ತುಳಿದಾಗ ಟಣಟಣ ಸದ್ದು ಬರುವುದು, ಒಂದು ಗೇರ್ ಇಳಿಸಿದೊಡನೆ ನಿಲ್ಲುವುದು ಇದೇ ಕಾರಣಕ್ಕೆ.

ಯಾವ ಕಾರಿಗೆ ಎಷ್ಟು ತಾಳಿಕೆ ಬೇಕು ಎಂಬುದನ್ನು ನಿರ್ಧರಿಸುವುದು ಕಂಪ್ರೆಷನ್ ರೇಷಿಯೋ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬುದು), ಟರ್ಬೊ ಬೂಸ್ಟ್ (ಟರ್ಬೊ ಒಳಗೆ ತಳ್ಳುವ ಗಾಳಿಯ ಹೆಚ್ಚುವರಿ ಒತ್ತಡ), ಒಳಗೆ ಬರುವ ಗಾಳಿಯ ಬಿಸಿ, ಸ್ಪಾರ್ಕ್‌ನ ಟೈಮಿಂಗ್. ಕಂಪ್ರೆಷನ್ ರೇಷಿಯೋ ಒಂದನ್ನೇ ನೋಡಿ ತೀರ್ಮಾನಿಸುವ ಹಳೆಯ ಅಭ್ಯಾಸ ಈಗ ನಡೆಯುವುದಿಲ್ಲ. ಡೈರೆಕ್ಟ್ ಇಂಜೆಕ್ಷನ್ ಇದ್ದರೆ ಪೆಟ್ರೋಲ್ ಸಿಲಿಂಡರಿನ ಒಳಗೇ ಆವಿಯಾಗಿ ಮಿಶ್ರಣವನ್ನು ತಂಪು ಮಾಡುತ್ತದೆ. ಹಾಗಾಗಿ 12:1 ಇರುವ ಇಂಜಿನ್ ಸಾಮಾನ್ಯ ಪೆಟ್ರೋಲಿನಲ್ಲಿ ನಿರಾಳವಾಗಿ ಓಡಬಹುದು, 9.5:1 ಇರುವ ಟರ್ಬೊ ಇಂಜಿನ್ 98 ಕೇಳಬಹುದು. ಉತ್ತರ ಇರುವುದು ಇಂಧನ ಮುಚ್ಚಳದ ಒಳಗಿನ ಚೀಟಿಯಲ್ಲಿ.

ಆ ಚೀಟಿಯನ್ನು ಓದುವಾಗ ಅಂಕಿಗಿಂತ ಮೊದಲು ಅಕ್ಷರ ನೋಡಿ. ಆರ್‌ಓಎನ್ (RON, ರಿಸರ್ಚ್ ಆಕ್ಟೇನ್ ನಂಬರ್) ಎಂಬ ಅಳತೆಯಲ್ಲಿ ಪರೀಕ್ಷಾ ಇಂಜಿನ್ 600 ಆರ್‌ಪಿಎಂನಲ್ಲಿ ಓಡುತ್ತದೆ. ಎಂಓಎನ್‌ನಲ್ಲಿ (MON, ಮೋಟಾರ್ ಆಕ್ಟೇನ್ ನಂಬರ್) 900 ಆರ್‌ಪಿಎಂ, ಜೊತೆಗೆ ಒಳಹೋಗುವ ಮಿಶ್ರಣವನ್ನು 149 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿರುತ್ತಾರೆ. ಕಷ್ಟದ ಪರೀಕ್ಷೆಯಾದ್ದರಿಂದ ಎಂಓಎನ್ ಸಾಮಾನ್ಯವಾಗಿ 8ರಿಂದ 12 ಅಂಕ ಕಡಿಮೆ ಬರುತ್ತದೆ. ಇವೆರಡರ ಸರಾಸರಿಯೇ ಎಕೆಐ (AKI, ಆಂಟಿ-ನಾಕ್ ಇಂಡೆಕ್ಸ್). ಅಮೆರಿಕ, ಕೆನಡಾಗಳ ಪಂಪುಗಳಲ್ಲಿ ಇದನ್ನು ಹಾಕುತ್ತಾರೆ. ಯುರೋಪು ಮತ್ತು ಏಷ್ಯಾದ ಬಹುಭಾಗದಲ್ಲಿ ಆರ್‌ಓಎನ್. ಆರ್‌ಓಎನ್ 98, ಎಂಓಎನ್ 88 ಇರುವ ಪೆಟ್ರೋಲ್ ಎಕೆಐ ಲೆಕ್ಕದಲ್ಲಿ 93. ಒಂದೇ ದ್ರವ, ಎರಡು ಹೆಸರು. ಎಡವಟ್ಟಾಗುವುದು ಆಮದು ಕಾರುಗಳಲ್ಲಿ: ಕೈಪಿಡಿಯಲ್ಲಿ ‘91 ಎಕೆಐ’ ಎಂದಿರುತ್ತದೆ, ಮಾಲೀಕರು ಆರ್‌ಓಎನ್ 91 ತುಂಬಿಸುತ್ತಾರೆ. ಬೇಕಿದ್ದದ್ದು ಆರ್‌ಓಎನ್ 95ರಿಂದ 96. ಹಾಕಿದ್ದು 4–5 ಅಂಕ ಕಡಿಮೆ.

ಇನ್ನೊಂದು ಪದದ ಮೇಲೂ ಕಣ್ಣಿರಲಿ. ‘ಕನಿಷ್ಠ 95’ ಅಂದರೆ ಅದಕ್ಕಿಂತ ಕೆಳಗೆ ಇಳಿಯಬಾರದು. ‘98 ಶಿಫಾರಸು’ ಅಂದರೆ ಘೋಷಿಸಿದ ಪವರ್ ಅಳೆದದ್ದು 98ರಲ್ಲಿ, ಕಡಿಮೆಯಲ್ಲೂ ಓಡುತ್ತದೆ, ಪವರ್ ಮಾತ್ರ ಇಳಿಯುತ್ತದೆ. ಎರಡೂ ಸಾಲು ಇದ್ದರೆ ದಿನದ ಟ್ರಾಫಿಕ್‌ಗೆ ಕನಿಷ್ಠ ಸಾಕು. ಟ್ರ್ಯಾಕ್, ಬಿಸಿಲು, ತುಂಬಿದ ಲೋಡು, ಉದ್ದನೆಯ ಏರು ಇದ್ದಾಗ ಶಿಫಾರಸಿನದ್ದು.

ಈಗಿನ ಇಂಜಿನ್‌ಗಳಲ್ಲಿ ಬ್ಲಾಕಿಗೆ ಬೋಲ್ಟ್ ಮಾಡಿದ ನಾಕ್ ಸೆನ್ಸರ್ ಈ ಸದ್ದಿಗೆ ಕಿವಿಗೊಟ್ಟಿರುತ್ತದೆ. ಸದ್ದು ಕೇಳಿದ ಸಿಲಿಂಡರಿನ ಟೈಮಿಂಗನ್ನು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಎರಡು ಮೂರು ಡಿಗ್ರಿ ಹಿಂದಕ್ಕೆಳೆದು, ಆಮೇಲೆ ಸ್ವಲ್ಪಸ್ವಲ್ಪವೇ ವಾಪಸು ತರುತ್ತದೆ. ಇಂಜಿನ್ ಉಳಿಯಿತು, ನಿಜ. ಆದರೆ ತಡವಾಗಿ ಹೊತ್ತಿದ ಬೆಂಕಿ ಪಿಸ್ಟನ್ನನ್ನು ತಳ್ಳುವ ಬದಲು ಎಗ್ಸಾಸ್ಟ್ ಕಡೆಗೆ ಹೋಗುತ್ತದೆ. ಟರ್ಬೊ ಬಿಸಿಯೇರುತ್ತದೆ, ಅದನ್ನು ತಂಪಾಗಿಡಲು ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಅಗ್ಗದ ಪೆಟ್ರೋಲಿನಲ್ಲಿ ಉಳಿಸಿದ್ದು ಮೈಲೇಜಿನಲ್ಲಿ ಹೋಗುತ್ತದೆ. ಸೆನ್ಸರ್ ಬಿಚ್ಚಿ ಮತ್ತೆ ಹಾಕುವವರು ಗಮನಿಸಬೇಕಾದ ವಿಷಯ: ಹಲವು ಸೆನ್ಸರ್‌ಗಳ ಬೋಲ್ಟ್ ಬಿಗಿಸುವುದು 20 ನ್ಯೂಟನ್‌ಮೀಟರ್‌ಗೆ, ವಾಷರ್ ಇಲ್ಲದೆ, ಉಜ್ಜಿ ಸ್ವಚ್ಛ ಮಾಡಿದ ಲೋಹದ ಮೇಲೆ. ಸಡಿಲಾದರೆ ಅದಕ್ಕೆ ನಾಕ್ ಕೇಳಿಸುವುದಿಲ್ಲ. ಆಮೇಲೆ 98 ಹಾಕಿದರೂ ಭರವಸೆ ಇಲ್ಲ.

ಇದರ ತಿರುಗುಮುರುಗು ಮಾತೂ ಅಷ್ಟೇ ಮುಖ್ಯ. ಇಂಜಿನ್‌ಗೆ ತನ್ನ ಅತ್ಯುತ್ತಮ ಟೈಮಿಂಗ್ 95ರಲ್ಲೇ ಸಿಕ್ಕಿದ್ದರೆ, 100 ಹಾಕಿದರೆ ಬರುವ ಲಾಭ ಸೊನ್ನೆ. ಹೆಚ್ಚಿನ ತಾಳಿಕೆಯನ್ನು ಬಳಸಿಕೊಳ್ಳಲು ಇಸಿಯು ಮ್ಯಾಪಿನಲ್ಲಿ (ಟೈಮಿಂಗ್, ಪೆಟ್ರೋಲ್ ಪ್ರಮಾಣಗಳ ಪಟ್ಟಿ) ಜಾಗ ಇರಬೇಕು. ‘ಪ್ರೀಮಿಯಂ ಹಾಕಿದ ಮೇಲೆ ಗಾಡಿ ಸ್ಮೂತ್ ಆಯಿತು’ ಎನ್ನುವುದು ಎಷ್ಟೋ ಸಲ ಖರ್ಚು ಮಾಡಿದ ಮನಸ್ಸಿನ ಮಾತು. ದುಬಾರಿ ಪೆಟ್ರೋಲಿನಲ್ಲಿ ಕೊಳೆ ತೊಳೆಯುವ ಡಿಟರ್ಜೆಂಟ್ ಹೆಚ್ಚಿರಬಹುದು, ಅದು ಒಳ್ಳೆಯದೇ, ಆದರೆ ಅದು ಆಕ್ಟೇನ್ ಅಲ್ಲ.

ಅನುಮಾನವಿದ್ದರೆ ಅಳೆಯಿರಿ. ಟ್ಯಾಂಕ್ ಕಾಲುಭಾಗಕ್ಕಿಂತ ಕೆಳಗಿಳಿದಾಗ ಹೊಸ ಗ್ರೇಡ್ ತುಂಬಿಸಿ, ಇಸಿಯು ಹೊಂದಿಕೊಳ್ಳಲು ಒಂದು ಟ್ಯಾಂಕ್ ಓಡಿಸಿ, ಎರಡನೆಯ ಟ್ಯಾಂಕಿನಲ್ಲಿ ಡೈನೊ (ಪವರ್ ಅಳೆಯುವ ಯಂತ್ರ) ಅಥವಾ ಟ್ರ್ಯಾಕ್ ಮೇಲೆ ಮೂರನೇ ಗೇರಿನಲ್ಲಿ 2500ರಿಂದ ಮೇಲಕ್ಕೆ ಪೂರ್ತಿ ಥ್ರಾಟಲ್ ಕೊಟ್ಟು ಓಬಿಡಿ ಲಾಗ್ (ಕಾರಿನ ಡಯಾಗ್ನೋಸ್ಟಿಕ್ ಪೋರ್ಟಿನಿಂದ ದಾಖಲೆ) ತೆಗೆಯಿರಿ. ನೋಡಬೇಕಾದದ್ದು ಇಗ್ನಿಷನ್ ಟೈಮಿಂಗ್, ಒಳಗಾಳಿಯ ತಾಪಮಾನ, ಕಾರು ತೋರಿಸಿದರೆ ಪ್ರತಿ ಸಿಲಿಂಡರಿನ ನಾಕ್ ರಿಟಾರ್ಡ್ (ನಾಕ್ ಕೇಳಿ ಟೈಮಿಂಗನ್ನು ಹಿಂದಕ್ಕೆಳೆದ ಡಿಗ್ರಿ). ಗಾಳಿಯ ತಾಪಮಾನ ಒಂದೇ ಇರುವಾಗ ಎರಡು ಗ್ರೇಡಿನ ಟೈಮಿಂಗ್ ಗೆರೆಗಳು ಒಂದರ ಮೇಲೊಂದು ಕೂತರೆ ಕೆಳಗಿನ ಗ್ರೇಡೇ ಸಾಕು. ಕೆಳಗಿನ ಗ್ರೇಡಿನಲ್ಲಿ ಎಲ್ಲ ಸಿಲಿಂಡರ್‌ಗಳಲ್ಲೂ ನಾಲ್ಕೈದು ಡಿಗ್ರಿ ಹಿಂದಕ್ಕೆ ಹೋಗುತ್ತಿದ್ದರೆ ಮೇಲಿನದಕ್ಕೆ ಕೊಟ್ಟ ಹಣ ದಂಡವಲ್ಲ. ಒಂದೇ ಸಿಲಿಂಡರ್ ಗಲಾಟೆ ಮಾಡುತ್ತಿದ್ದರೆ ಪೆಟ್ರೋಲನ್ನು ಬಯ್ಯಬೇಡಿ. ಇಂಜೆಕ್ಟರ್, ಪ್ಲಗ್, ಕಾರ್ಬನ್ ನೋಡಿ.

ತಪ್ಪಿ ಕಡಿಮೆ ಗ್ರೇಡ್ ತುಂಬಿಸಿದರೆ ಸಾಮಾನ್ಯವಾಗಿ ಟ್ಯಾಂಕ್ ಬರಿದು ಮಾಡಬೇಕಾಗಿಲ್ಲ. ಬೆರೆಸಿದಾಗ ಅಂಕಿ ಸರಿಸುಮಾರು ಪಾಲಿಗೆ ತಕ್ಕಂತೆ ಬರುತ್ತದೆ: 30 ಲೀಟರ್ 91ಕ್ಕೆ 20 ಲೀಟರ್ 98 ಸೇರಿಸಿದರೆ 93.8. ಅಂಕಿ ಸರಿಹೋಗುವ ತನಕ ಪೂರ್ತಿ ಥ್ರಾಟಲ್ ಬೇಡ, ಬೂಸ್ಟ್ ಏರಿಸಬೇಡಿ, ಇಂಜಿನ್ ಎಳೆದಾಡುವಂತೆ ದೊಡ್ಡ ಗೇರಿನಲ್ಲಿ ಓಡಿಸಬೇಡಿ. 98ಕ್ಕೆಂದೇ ರೀಮ್ಯಾಪ್ ಮಾಡಿಸಿದ (ಇಸಿಯು ಮ್ಯಾಪ್ ಬದಲಿಸಿದ) ಕಾರಿಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಟ್ಯೂನರ್ ಇಟ್ಟ ಅಂತರವೇ ಕಡಿಮೆ, ನಾಕ್ ಸೆನ್ಸರಿನ ಹಿಡಿತವನ್ನೇ ಸಡಿಲಿಸಿರುವುದೂ ಉಂಟು. ತಪ್ಪಿ ತುಂಬಿಸಿದ್ದನ್ನು ಹೊರತೆಗೆಸುವುದೇ ಕ್ಷೇಮ.

ಬಾಟಲಿಯಲ್ಲಿ ಬರುವ ಆಕ್ಟೇನ್ ಬೂಸ್ಟರಿನ ಮೇಲೆ ‘30 ಪಾಯಿಂಟ್ ಏರಿಕೆ’ ಎಂದಿದ್ದರೆ 95 ಹೋಗಿ 125 ಆಗುವುದಿಲ್ಲ. ಆ ವ್ಯಾಪಾರದಲ್ಲಿ ಒಂದು ಪಾಯಿಂಟ್ ಅಂದರೆ 0.1, 30 ಪಾಯಿಂಟ್ ಅಂದರೆ 3 ಅಂಕ, ಅದೂ ಹೇಳಿದ ಪ್ರಮಾಣದಲ್ಲಿ ಹಾಕಿದರೆ ಮಾತ್ರ. ಎಂಎಂಟಿ ಎಂಬ ಮ್ಯಾಂಗನೀಸ್ ಸಂಯುಕ್ತ ಇರುವ ಬೂಸ್ಟರ್ ಪ್ಲಗ್‌ನ ಬಿಳಿ ಪಿಂಗಾಣಿಗೆ ಇಟ್ಟಿಗೆ ಬಣ್ಣದ ಲೇಪ ಹತ್ತಿಸುತ್ತದೆ. ದಿನವೂ ಹಾಕುವ ವಸ್ತು ಅದಲ್ಲ.

ಎಥನಾಲ್ ಬೆರೆತಾಗ ಲೆಕ್ಕ ಎರಡು ದಿಕ್ಕಿಗೆ ಹೋಗುತ್ತದೆ. ತಾಳಿಕೆ ಏರುತ್ತದೆ, ಏಕೆಂದರೆ ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಬಿಸಿ ಹೀರಿಕೊಳ್ಳುತ್ತದೆ. ಆದರೆ ಲೀಟರಿಗೆ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಇದ್ದರೆ ಎಥನಾಲ್‌ನಲ್ಲಿ 21. ಹಾಗಾಗಿ ಇ10ರಲ್ಲಿ (ಶೇ 10 ಎಥನಾಲ್) ಶೇ 3ರಷ್ಟು, ಇ20ರಲ್ಲಿ ಶೇ 6–7ರಷ್ಟು ಶಕ್ತಿ ಲೀಟರಿಗೆ ಕಡಿಮೆ. ಇ85 ಹಾಕಬೇಕೆಂದರೆ ಇಂಜೆಕ್ಟರ್‌ಗಳು ಮತ್ತು ಪಂಪು ಶೇ 30ರಿಂದ 40ರಷ್ಟು ಹೆಚ್ಚು ಹರಿವು ಕೊಡಬೇಕು, ಪೈಪು ಸೀಲುಗಳು ಎಥನಾಲ್ ತಾಳಬೇಕು, ಮ್ಯಾಪ್ ಬೇರೆಯೇ ಬೇಕು. ಹಾಗಾಗಿ ಪಂಪಿನ ಅಂಕಿಯ ಪಕ್ಕದ ‘ಇ’ ಸಂಖ್ಯೆಯನ್ನೂ ಮುಚ್ಚಳದ ಚೀಟಿಯೊಂದಿಗೆ ತಾಳೆ ನೋಡಬೇಕು.

ನಾಕಿಂಗ್ ಮೌನವಾಗಿ ನಡೆದಿದೆಯೇ ಎಂದು ತಿಳಿಯಲು ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ. ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಚೆಲ್ಲಿದಂಥ ಕಪ್ಪು ಚುಕ್ಕೆ ಮೊದಲ ಸೂಚನೆ. ಮಿನುಗುವ ಬೆಳ್ಳಿ ಕಣಗಳಿದ್ದರೆ ಅದು ಪಿಸ್ಟನ್ನಿನ ಅಲ್ಯುಮಿನಿಯಂ: ಒತ್ತಡದ ಅಲೆ ಲೋಹದ ಮೇಲಿನ ತಂಪು ಅನಿಲದ ಪದರವನ್ನು ಉಜ್ಜಿಹಾಕಿ ಪಿಸ್ಟನ್ ಅಂಚನ್ನು ಕೊರೆಯುತ್ತಿದೆ. ಮುಂದಿನ ಹಂತ ರಿಂಗ್‌ಗಳ ನಡುವಿನ ಏಣು ಮುರಿಯುವುದು. ಬೆಳ್ಳಿ ಕಂಡ ಮೇಲೆ ಗ್ರೇಡ್ ಬದಲಿಸಿ ನೋಡೋಣ ಎನ್ನುವ ಹೊತ್ತು ದಾಟಿರುತ್ತದೆ. ಇಂಜಿನ್ ಮತ್ತೆ ಶುರು ಮಾಡುವ ಮೊದಲು ಕಂಪ್ರೆಷನ್ ಮತ್ತು ಲೀಕ್‌ಡೌನ್ (ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಎಂಬ) ಪರೀಕ್ಷೆ ಮಾಡಿಸಿ, ಪ್ಲಗ್ ತೂತಿನಿಂದ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆ ನೋಡಿ.