ಜಿಲ್ಲೆಗಳಿಗೆ ಬಣ್ಣ ಬಳಿಯುವ ಮುನ್ನ

ಅಂಕಿಅಂಶಗಳ ವರದಿ ಇನ್ನೂ ಅರ್ಧವಾಗಿರುವಾಗಲೇ ಬರುವ ಬೇಡಿಕೆ ಇದು: ‘ಒಂದು ಕಲರ್ ಮ್ಯಾಪ್ ಹಾಕಿಬಿಡಿ ಸರ್, ನೋಡಿದ ಕೂಡಲೇ ಗೊತ್ತಾಗಬೇಕು.’ ಕೂಡಲೇ ಏನೋ ಗೊತ್ತಾಗುತ್ತದೆ, ನಿಜ. ಏನು ಗೊತ್ತಾಯಿತು ಎಂಬುದರಲ್ಲೇ ತಕರಾರು.

2011ರ ಜನಗಣತಿಯನ್ನೇ ನೋಡಿ. ಬೆಂಗಳೂರು ನಗರ ಜಿಲ್ಲೆಯ ವಿಸ್ತೀರ್ಣ ಸುಮಾರು 2,190 ಚದರ ಕಿ.ಮೀ., ಜನ 96 ಲಕ್ಷ. ಉತ್ತರ ಕನ್ನಡ 10,000 ಚದರ ಕಿ.ಮೀ.ಗೂ ದೊಡ್ಡದು, ಜನ 14 ಲಕ್ಷ ಚಿಲ್ಲರೆ. ನಕ್ಷೆಗೆ ಬಣ್ಣ ತುಂಬಿದರೆ ಕಣ್ಣಿಗೆ ರಾಚುವುದು ಉತ್ತರ ಕನ್ನಡದ ಕಾಡು. ಅದರ ಆರು ಪಟ್ಟಿಗೂ ಹೆಚ್ಚು ಜನರಿರುವ ಬೆಂಗಳೂರು ಮೂಲೆಯಲ್ಲಿ ಮುದುಡಿ ಕೂರುತ್ತದೆ. ಚುನಾವಣಾ ಫಲಿತಾಂಶದ ನಕ್ಷೆಗಳಲ್ಲೂ ಇದೇ ಕಥೆ.

ಬಣ್ಣದ ಮೆಟ್ಟಿಲುಗಳದ್ದು ಇನ್ನೂ ಸೂಕ್ಷ್ಮವಾದ ಆಟ. ಅದೇ ಜನಗಣತಿಯ ಪ್ರಕಾರ ಬೆಂಗಳೂರು ನಗರದ ಜನಸಾಂದ್ರತೆ ಚದರ ಕಿ.ಮೀ.ಗೆ 4,381. ಬೇರೆ ಯಾವ ಜಿಲ್ಲೆಯೂ 500 ಮುಟ್ಟುವುದಿಲ್ಲ. ಸಾಫ್ಟ್‌ವೇರ್‌ಗೆ ಐದು ಸಮಾನ ವರ್ಗಾಂತರ ಮಾಡು, ಅಂದರೆ ಕನಿಷ್ಠದಿಂದ ಗರಿಷ್ಠದವರೆಗಿನ ಅಂತರವನ್ನು ಐದು ಸಮಭಾಗ ಮಾಡಿ ಒಂದೊಂದಕ್ಕೆ ಒಂದು ಬಣ್ಣ ಕೊಡು ಎಂದರೆ ಆಗ ಇದ್ದ 30 ಜಿಲ್ಲೆಗಳಲ್ಲಿ 29 ಅತ್ಯಂತ ತಿಳಿಬಣ್ಣಕ್ಕೇ ಬೀಳುತ್ತವೆ. ಮಧ್ಯದ ಮೂರು ಬಣ್ಣ ಖಾಲಿ. ಬೇಡಪ್ಪ, ಬಣ್ಣಕ್ಕೆ ಆರಾರು ಜಿಲ್ಲೆ ಹಂಚು ಎಂದರೆ ಮೈಸೂರು, ಬೆಂಗಳೂರು ಎರಡಕ್ಕೂ ಒಂದೇ ಕಡುಬಣ್ಣ. ಎರಡೂ ನಕ್ಷೆಯಲ್ಲಿ ಸುಳ್ಳು ಅಂಕಿ ಒಂದೂ ಇಲ್ಲ. ಆದರೆ ಒಂದನ್ನು ನೋಡಿದವರು ‘ಬೆಂಗಳೂರು ಬಿಟ್ಟರೆ ರಾಜ್ಯವೆಲ್ಲ ಒಂದೇ’ ಎನ್ನುತ್ತಾರೆ, ಇನ್ನೊಂದನ್ನು ನೋಡಿದವರು ‘ಮೈಸೂರೂ ಬೆಂಗಳೂರಿನಷ್ಟೇ ಗಿಜಿಗುಡುತ್ತಿದೆ’ ಎನ್ನುತ್ತಾರೆ. ವರದಿ ಕೈಗೆ ಬಂದರೆ ನಾನು ಮೊದಲು ಓದುವುದು ನಕ್ಷೆಯ ಮೂಲೆಯ ಬಣ್ಣದ ಸೂಚಿಯನ್ನು.

ನಕ್ಷೆಯ ಬದಲು ಚುಕ್ಕೆ ಚಿತ್ರ ಕೊಡಿ ಎನ್ನುವುದು ನನ್ನ ಹಳೆಯ ಹಟ. ಜಿಲ್ಲೆಗಳ ಹೆಸರನ್ನು ಹೆಚ್ಚಿನಿಂದ ಕಡಿಮೆಗೆ ಸಾಲಾಗಿ ಬರೆದು, ಒಂದೇ ಅಳತೆಗೆರೆಯ ಮೇಲೆ ಒಂದೊಂದು ಚುಕ್ಕೆ ಇಟ್ಟರೆ ಸಾಕು. ಚಿತ್ರಗಳನ್ನು ಕಣ್ಣು ಹೇಗೆ ಓದುತ್ತದೆ ಎಂದು ಅಧ್ಯಯನ ಮಾಡಿದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲಿ ಹೇಳಿದ್ದೂ ಇದನ್ನೇ: ಒಂದೇ ಗೆರೆಯ ಮೇಲಿನ ಸ್ಥಾನವನ್ನು ಕಣ್ಣು ಚೆನ್ನಾಗಿ ಅಳೆಯುತ್ತದೆ, ವಿಸ್ತೀರ್ಣದಲ್ಲಿ ಎಡವುತ್ತದೆ, ಬಣ್ಣದ ಗಾಢತೆಯಲ್ಲಂತೂ ಇನ್ನೂ ಹೆಚ್ಚು. ‘ಚುಕ್ಕೆ ನೋಡಲು ಚೆಂದವಿಲ್ಲ’ ಎಂಬ ಆಕ್ಷೇಪ ಇದ್ದೇ ಇದೆ. ಇರಲಿ.

ಹಾಗೆಂದು ನಕ್ಷೆಯೇ ಬೇಡ ಎಂದಲ್ಲ. ಅಕ್ಕಪಕ್ಕದ ಸಂಬಂಧವೇ ಪ್ರಶ್ನೆಯಾದಾಗ ನಕ್ಷೆಯೇ ಬೇಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುವ ಆ ಕಾಯಿಲೆಗೆ ಜಿಲ್ಲೆಯ ಗಡಿ ಗೊತ್ತಿಲ್ಲ, ಕಾಡಿನ ಅಂಚು ಮಾತ್ರ ಗೊತ್ತು. ಶಿವಮೊಗ್ಗವನ್ನಿಡೀ ಕೆಂಪು ಮಾಡಿದರೆ ಭದ್ರಾವತಿ ಪೇಟೆಯವರೂ ಹೆದರುತ್ತಾರೆ, ಆಚೆ ಬದಿಯ, ಉತ್ತರ ಕನ್ನಡದ ಸಿದ್ದಾಪುರದವರು ಮಾತ್ರ ತಮಗಲ್ಲ ಎಂದುಕೊಳ್ಳುತ್ತಾರೆ. ಅಲ್ಲಿ ಜಿಲ್ಲೆಯ ಬಣ್ಣ ತೆಗೆದು, ಕಾಡಿನ ಹೊದಿಕೆಯ ಮೇಲೆ ಪ್ರಕರಣ ಕಂಡ ಊರುಗಳನ್ನು ಚುಕ್ಕೆಯಾಗಿ ಗುರುತಿಸಬೇಕು. ಕಾಯಿಲೆ ತಡೆಯಲು ಹೊರಡುವ ಆರೋಗ್ಯ ಸಿಬ್ಬಂದಿಗೆ ಮುಂದಿನ ಊರು ಯಾವುದೆಂದು ಹೇಳಬಲ್ಲ ನಕ್ಷೆ ಅದು.