ಮಣ್ಣಿನ ಟ್ರ್ಯಾಕಿನಿಂದ ಇಂಡಿಕಾರ್‌ಗೆ: ಕಷ್ಟ ಇರುವುದು ಎಡಗಾಲಿನಲ್ಲಿ

ಅಮೆರಿಕದ ಇಂಡಿಯಾನಾದಲ್ಲಿ ಕಿರಿಯರ ಫಾರ್ಮುಲಾ ಕಾರುಗಳ ಡೇಟಾ ನೋಡುವುದು ನನ್ನ ಕೆಲಸ. ಚಳಿಗಾಲ ಬಂತೆಂದರೆ ಮಣ್ಣಿನ ಟ್ರ್ಯಾಕಿನ ಹುಡುಗರು ಟೆಸ್ಟ್‌ಗೆ ಬರುತ್ತಾರೆ. ಕಾಲು ಮೈಲಿ, ಅರ್ಧ ಮೈಲಿಯ ಓವಲ್‌ಗಳಲ್ಲಿ (ಮೊಟ್ಟೆಯಾಕಾರದ ಟ್ರ್ಯಾಕುಗಳು) ಮಿಡ್ಜೆಟ್, ಸ್ಪ್ರಿಂಟ್ ಎಂಬ, ಮುಂದೆ ಎಂಜಿನ್ ಇರುವ ಸಣ್ಣ ರೇಸ್ ಕಾರು ಓಡಿಸಿ ಗೆದ್ದು ಬಂದವರು. ಎಲ್ಲರ ಕಣ್ಣೂ ಅಮೆರಿಕದ ಮೇಲ್ಮಟ್ಟದ ಫಾರ್ಮುಲಾ ಸರಣಿ ಇಂಡಿಕಾರ್‌ನ ಅತಿ ದೊಡ್ಡ ರೇಸಾದ ಇಂಡಿ 500 ಮೇಲೆ. ಜೊತೆಗೆ ಬಂದ ಅಪ್ಪಂದಿರು ಕೇಳುವುದು ಒಂದೇ ಮಾತು: ಹುಡುಗ ಇಷ್ಟು ಫಾಸ್ಟ್ ಇದ್ದಾನಲ್ಲ, ಇನ್ನೇನು ಬೇಕು?

ದುಡ್ಡು ಬೇಕು, ಅದು ಅವರಿಗೂ ಗೊತ್ತು. ಅದಕ್ಕೂ ಮೊದಲು ಬ್ರೇಕ್ ಒತ್ತುವ ಎಡಗಾಲು ಹೊಸದಾಗಿ ಪಳಗಬೇಕು.

ಹಿಂದೆ ಹೀಗಿರಲಿಲ್ಲ. ಇಂಡಿ 500 ಗೆದ್ದ ಎ.ಜೆ. ಫಾಯ್ಟ್, ಮಾರಿಯೋ ಆಂಡ್ರೆಟ್ಟಿ ಎಲ್ಲ ಮಿಡ್ಜೆಟ್, ಸ್ಪ್ರಿಂಟ್ ಕಾರುಗಳಿಂದಲೇ ಇಂಡಿಗೆ ಬಂದರು. ಇಂಡಿ ಕಾರಿನ ಎಂಜಿನ್ನೂ ಆಗ ಮುಂದೆಯೇ ಇತ್ತು, ಚಾಂಪಿಯನ್‌ಷಿಪ್‌ನಲ್ಲೇ ಮಣ್ಣಿನ ರೇಸುಗಳಿದ್ದವು. 1965ರಲ್ಲಿ ಜಿಮ್ ಕ್ಲಾರ್ಕ್ ಹಿಂದೆ ಎಂಜಿನ್ ಇರುವ ಲೋಟಸ್‌ನಲ್ಲಿ ಇಂಡಿ 500 ಗೆದ್ದರು. 1970ರ ನಂತರ ಚಾಂಪಿಯನ್‌ಷಿಪ್‌ನಿಂದ ಮಣ್ಣಿನ ರೇಸುಗಳೂ ಹೋದವು. ಅಲ್ಲಿಂದ ಎರಡು ದಾರಿಗಳು ದೂರವಾಗುತ್ತಲೇ ಬಂದವು. 1996ರಲ್ಲಿ ಶುರುವಾದ ಇಂಡಿ ರೇಸಿಂಗ್ ಲೀಗ್ ಓವಲ್ ಹುಡುಗರಿಗೆ ಮತ್ತೆ ಬಾಗಿಲು ತೆರೆಯಿತು, ಅಂಥ ಒಬ್ಬರಾದ ಟೋನಿ ಸ್ಟೀವರ್ಟ್ ಅಲ್ಲಿ ಚಾಂಪಿಯನ್ ಕೂಡ ಆದರು, ಆದರೆ ಅವರೂ ಆಮೇಲೆ ಮುಚ್ಚಿದ ಕಾರುಗಳ ಸರಣಿಯಾದ ನಾಸ್ಕಾರ್‌ಗೆ ಹೋದರು.

ಈಗ ಎಡಗಾಲಿನ ವಿಷಯ. ಎಡಕ್ಕೂ ಬಲಕ್ಕೂ ತಿರುವುಗಳಿರುವ ರೋಡ್ ಕೋರ್ಸ್‌ನಲ್ಲಿ ಬೆಳೆದ ಹುಡುಗನ ಬ್ರೇಕ್ ಗ್ರಾಫ್ (ಪೆಡಲ್ ಮೇಲೆ ಬಿದ್ದ ಬಲದ ಗೆರೆ) ನೋಡಿ. ಗೆರೆ ನೆಟ್ಟಗೆ ಮೇಲಕ್ಕೆ ಏರುತ್ತದೆ, ತುದಿ ಮುಟ್ಟಿದ ಕೂಡಲೇ ನಿಧಾನವಾಗಿ ಇಳಿಯುತ್ತದೆ. ವೇಗ ಜಾಸ್ತಿ ಇದ್ದಾಗ ರೆಕ್ಕೆಗಳು ಕಾರನ್ನು ನೆಲಕ್ಕೆ ಒತ್ತಿ ಹಿಡಿದಿರುತ್ತವೆ, ಹಾಗಾಗಿ ಮೊದಲ ಕ್ಷಣದಲ್ಲೇ ಪೂರ್ತಿ ಬಲ ಹಾಕಬಹುದು. ವೇಗ ಇಳಿದಂತೆ ಆ ಒತ್ತಡವೂ ಇಳಿಯುತ್ತದೆ, ಕಾಲನ್ನೂ ಅಷ್ಟಷ್ಟೇ ಸಡಿಲಿಸಬೇಕು, ಇಲ್ಲದಿದ್ದರೆ ಚಕ್ರ ಲಾಕ್ ಆಗುತ್ತದೆ. ಮಣ್ಣಿನ ಹುಡುಗನ ಗ್ರಾಫ್ ಸಣ್ಣ ದಿಬ್ಬದ ಹಾಗಿರುತ್ತದೆ. ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ, ಅದರ ಕೆಳಗೇ ಥ್ರಾಟಲ್ (ಆಕ್ಸಿಲರೇಟರ್) ಗೆರೆಯೂ ಓಡುತ್ತಿರುತ್ತದೆ. ಅವನು ಎರಡೂ ಪೆಡಲ್ ಒಟ್ಟಿಗೆ ಒತ್ತುತ್ತಿದ್ದಾನೆ!

ಅದನ್ನು ತಪ್ಪು ಅನ್ನಬೇಡಿ. ಅವನು ಬಂದ ಕಡೆ ಅದೇ ಸರಿ. ಬಹಳಷ್ಟು ಸ್ಪ್ರಿಂಟ್ ಕಾರುಗಳಲ್ಲಿ ಬಲ ಮುಂಚಕ್ರಕ್ಕೆ ಬ್ರೇಕೇ ಇರುವುದಿಲ್ಲ. ಬಲ ಹಿಂಚಕ್ರ ಎಡದ್ದಕ್ಕಿಂತ ದೊಡ್ಡದು, ಕಾರು ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ಬ್ರೇಕ್ ಇರುವುದು ಕಾರಿನ ಮೂತಿ ತಿರುಗಿಸಲಿಕ್ಕೆ, ಥ್ರಾಟಲ್ ಇರುವುದು ಹಿಂಭಾಗವನ್ನು ಜಾರಿಸಿ ಹಿಡಿದಿಡಲಿಕ್ಕೆ. ಕಾರು ಜಾರಿದಾಗಲೇ ಅವನಿಗೆ ಅದರ ಮಾತು ಕೇಳಿಸುತ್ತದೆ. ರೆಕ್ಕೆಯ ಕಾರಿನಲ್ಲಿ ಆ ಮಾತು ಕೇಳಿಸುವ ಹೊತ್ತಿಗೆ ಟೈರ್ ಬಿಸಿಯಾಗಿ ಲ್ಯಾಪ್ ಕೈತಪ್ಪಿರುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಹೊಳೆಯುವುದಿಲ್ಲ. 410 ಘನ ಇಂಚಿನ ಎಂಜಿನ್ ಇರುವ ಸ್ಪ್ರಿಂಟ್ ಕಾರಿಗೆ ಸುಮಾರು 900 ಅಶ್ವಶಕ್ತಿ. ಇಂಡಿಕಾರ್‌ಗೆ ಏರುವ ಸರಣಿಗಳ ಏಣಿಯಲ್ಲಿ ಕೆಳಗಿನ ಮೆಟ್ಟಿಲಾದ ಯುಎಸ್‌ಎಫ್ 2000 ಕಾರಿಗೆ ಅದರ ಕಾಲು ಭಾಗವೂ ಇಲ್ಲ. ಮೇಲಕ್ಕೆ ಹೋಗುತ್ತೇನೆಂದು ಬಂದವನ ಬಲಗಾಲಿಗೆ ಕೆಲಸವೇ ಇರುವುದಿಲ್ಲ. ಸ್ಪ್ರಿಂಟ್ ಕಾರಿನಲ್ಲಾದರೆ ತಿರುವಿನ ಒಳಗೆ ಆದ ತಪ್ಪನ್ನು ಥ್ರಾಟಲ್ ಒತ್ತಿ ಸರಿಮಾಡಬಹುದಿತ್ತು, ಇಲ್ಲಿ ತಿರುವಿಗೆ ಹೋಗುವಾಗ ಕಳೆದ ವೇಗ ಮುಂದಿನ ಸ್ಟ್ರೇಟ್ ಪೂರ್ತಿ ಕಾಡುತ್ತದೆ.

ದುಡ್ಡಿನ ಲೆಕ್ಕವೂ ಉಲ್ಟಾ. ಮಣ್ಣಿನಲ್ಲಿ ಒಳ್ಳೆಯ ಡ್ರೈವರ್‌ಗೆ ಬಹುಮಾನದಲ್ಲಿ ಪಾಲು ಸಿಗುತ್ತದೆ. ಇಲ್ಲಿ ಸೀಟಿಗೆ ತಾನೇ ಲಕ್ಷಗಟ್ಟಲೆ ಡಾಲರ್ ತರಬೇಕು. ಚೆನ್ನಾಗಿ ಓಡಿಸುವವರು ನಾಸ್ಕಾರ್ ಕಡೆ ಹೋದರೆ ನಾನಂತೂ ದೂರುವುದಿಲ್ಲ.

ಆದರೂ ಬ್ರಯನ್ ಕ್ಲಾಸನ್ ನೆನಪಾಗುತ್ತಾರೆ. ಮಿಡ್ಜೆಟ್, ಸ್ಪ್ರಿಂಟ್ ರೇಸುಗಳನ್ನು ನಡೆಸುವ ಯುಸ್ಯಾಕ್ ಸಂಸ್ಥೆಯ ರಾಷ್ಟ್ರೀಯ ಚಾಂಪಿಯನ್ ಆಗಿ, ಇಂಡಿಕಾರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಇಂಡಿ ಲೈಟ್ಸ್ ಹಾದು, 2012ರಲ್ಲಿ ಇಂಡಿ 500ಗೆ ಬಂದವರು. 2016ರಲ್ಲಿ ಅಲ್ಲಿ 3 ಲ್ಯಾಪ್‌ಗಳಲ್ಲಿ ಮೊದಲ ಸ್ಥಾನದಲ್ಲಿ ಓಡಿದರು. ಅದೇ ಆಗಸ್ಟ್‌ನಲ್ಲಿ ಮಿಡ್ಜೆಟ್ ಅಪಘಾತದಲ್ಲಿ ತೀರಿಕೊಂಡರು. ಅಂಥವರಿಗೆ ವರ್ಷಪೂರ್ತಿ ಸೀಟು ಸಿಗಲಿಲ್ಲವಲ್ಲ ಎಂದು ನನಗೆ ಇಂದಿಗೂ ಬೇಜಾರಿದೆ. ಮಣ್ಣಿನಿಂದ ನಾಸ್ಕಾರ್‌ಗೆ ಹೋದ ಕೈಲ್ ಲಾರ್ಸನ್ 2024ರ ಇಂಡಿ 500ನಲ್ಲಿ ಮೊದಲ ಸಲವೇ 5ನೇ ಸ್ಥಾನಕ್ಕೆ ಕ್ವಾಲಿಫೈ ಆದರು. ರೇಸಿನಲ್ಲಿ ಹಿಂದೆ ಬಿದ್ದದ್ದು ಟೈರ್, ಇಂಧನಕ್ಕೆ ನಿಲ್ಲುವ ಪಿಟ್ ಲೇನ್‌ನಲ್ಲಿ ವೇಗದ ಮಿತಿ ಮೀರಿದ ಪೆನಾಲ್ಟಿಯಿಂದ. ಅಷ್ಟು ವೇಗದಿಂದ ಬಂದು ಪಿಟ್ ಗೆರೆ ದಾಟುವ ಮೊದಲೇ ಕಾರನ್ನು ಆ ಮಿತಿಗೆ ಇಳಿಸುವುದಿದೆಯಲ್ಲ, ಅದೂ ಬ್ರೇಕಿನ ಕೆಲಸವೇ.

2025ರ ಇಂಡಿಕಾರ್ ಕ್ಯಾಲೆಂಡರ್‌ನ 17 ರೇಸುಗಳಲ್ಲಿ ಓವಲ್ ಇದ್ದದ್ದು 6. ಹಾಗಾಗಿ ಓವಲ್ ಒಂದನ್ನೇ ನಂಬಿ ಕೂತರೆ ಆಗುವುದಿಲ್ಲ. ಹುಡುಗನಿಗೆ ಹದಿಮೂರು, ಹದಿನಾಲ್ಕು ಇರುವಾಗಲೇ ಮಣ್ಣಿನ ಜೊತೆಗೆ ರೋಡ್ ಕೋರ್ಸ್ ಕಾರ್ಟಿಂಗ್ ಶುರುಮಾಡಿಸಿ. ಮಣ್ಣನ್ನು ಬಿಡಿಸಬೇಡಿ. ಲ್ಯಾಪ್ ಲ್ಯಾಪ್‌ಗೆ ಬದಲಾಗುವ ನೆಲವನ್ನು ಓದುವುದು, ಸವೆದ ಟೈರ್‌ನಲ್ಲಿ ಕಾರು ಉಳಿಸಿಕೊಳ್ಳುವುದು, ಗುಂಪಿನಲ್ಲಿ ದಾರಿ ಮಾಡಿಕೊಳ್ಳುವುದು, ಇವನ್ನೆಲ್ಲ ಮಣ್ಣಿನಷ್ಟು ಚೆನ್ನಾಗಿ ಬೇರೆಲ್ಲೂ ಕಲಿಯಲಾಗುವುದಿಲ್ಲ. ಮೊದಲ ಫಾರ್ಮುಲಾ ಟೆಸ್ಟ್‌ನಲ್ಲಿ ಲ್ಯಾಪ್ ಟೈಮ್ ಕೇಳಲು ಹೋಗಬೇಡಿ. ಬ್ರೇಕ್ ಗ್ರಾಫ್ ತೋರಿಸಿ ಅಂತ ಕೇಳಿ. ಮಧ್ಯಾಹ್ನದ ಹೊತ್ತಿಗೆ ಆ ದಿಬ್ಬದ ಎಡಬದಿ ಸ್ವಲ್ಪ ಕಡಿದಾಗಿದ್ದರೂ ಸಾಕು, ಆ ಹುಡುಗನ ಮೇಲೆ ಇನ್ನೊಂದು ದಿನದ ಖರ್ಚು ಹಾಕಬಹುದು.